ಖಗೋಳ ವಿಜ್ಞಾನಿ ವೈನು ಬಪ್ಪು



ವಿಜ್ಞಾನಿ ಅಂದ ಕೂಡಲೇ ನಮಗೆಲ್ಲ ಸಿ.ವಿ. ರಾಮನ್, ಅಬ್ದುಲ್ ಕಲಾಂ ಇವರ ಹೆಸರು ಬಾಯಿಗೆ ಬರುತ್ತದೆ. ಇವರ ಬಗ್ಗೆ ನಮ್ಮ ಗೋಡೆಪತ್ರಿಕೆಯಲ್ಲಿ ಬಹಳ ಸಲ ಬಂದಿದೆ. ಆದ್ದರಿಂದ ಈ ಸಲ ನಾನು ಬೇರೆ ಒಬ್ಬರ ಜೀವನವನ್ನು ಬರೆಯುತ್ತೇನೆ. ಅವರು ನಕ್ಷತ್ರಗಳ ಬೆಳಕನ್ನು ಅಭ್ಯಾಸ ಮಾಡಿದವರು. ಅವರ ಪೂರ್ಣ ಹೆಸರು ಮನಾಲಿ ಕಲ್ಲಾಟ್ ವೈನು ಬಪ್ಪು. ನಮ್ಮ ದೇಶದಲ್ಲಿ ದೊಡ್ಡ ದೂರದರ್ಶಕ ಒಂದೂ ಇಲ್ಲದ ಕಾಲದಲ್ಲಿ, ಅದನ್ನು ಇಲ್ಲಿಯೇ ಮಾಡ್ಲಿಕ್ಕೆ ಆಗುತ್ತದೆ ಎಂದು ನಂಬಿ ಕೆಲಸ ಮಾಡಿದವರು ಅವರು. (ದೂರದರ್ಶಕ ಅಂದರೆ ಟೆಲಿಸ್ಕೋಪು. ದೂರದರ್ಶನ ಅಂದರೆ ಟಿ.ವಿ. ಎರಡನ್ನೂ ಒಂದು ಮಾಡಬೇಡಿ.)

ಬಾಲ್ಯ ಮತ್ತು ವಿದ್ಯಾಭ್ಯಾಸ

ವೈನು ಬಪ್ಪು ಅವರು 1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ, ಅಂದರೆ ಈಗಿನ ಚೆನ್ನೈಯಲ್ಲಿ ಜನಿಸಿದರು. ಅವರ ಮನೆತನ ಕೇರಳದ ತಲಶ್ಶೇರಿ ಕಡೆಯದು. ಅದು ನಮಗೆ ಬಹಳ ದೂರದ ಊರೇನಲ್ಲ. ಮಂಗಳೂರಿನಲ್ಲಿ ರೈಲು ಹತ್ತಿದರೆ ಕಾಸರಗೋಡು, ಕಣ್ಣೂರು ಆದ ಮೇಲೆ ತಲಶ್ಶೇರಿ ಸಿಗುತ್ತದೆ. ಅವರ ತಂದೆಗೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸ. ವೀಕ್ಷಣಾಲಯ ಅಂದರೆ ದೂರದರ್ಶಕ ಇಟ್ಟು ಆಕಾಶ ನೋಡುವ ಜಾಗ. ಹಾಗಾಗಿ ಈ ಹುಡುಗನಿಗೆ ಸಣ್ಣ ಪ್ರಾಯದಲ್ಲಿಯೇ ಆಕಾಶದ ಹುಚ್ಚು ಹಿಡಿಯಿತು. ನಮಗೆ ಕ್ರಿಕೆಟಿನ ಹುಚ್ಚು ಇದ್ದ ಹಾಗೆ.

ಕೆಲವು ನಕ್ಷತ್ರಗಳ ಬೆಳಕು ಒಮ್ಮೆ ಹೆಚ್ಚು ಆಗುತ್ತದೆ, ಒಮ್ಮೆ ಕಡಿಮೆ ಆಗುತ್ತದೆ. ಬಪ್ಪು ಅವರು ವಿದ್ಯಾರ್ಥಿ ಆಗಿದ್ದಾಗಲೇ ಇಂಥ ನಕ್ಷತ್ರಗಳನ್ನು ನೋಡಿ ನೋಡಿ ಬರೆದಿಟ್ಟು ಲೇಖನ ಪ್ರಕಟಿಸಿದ್ದರು. ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಓದಿದ ಮೇಲೆ ಮದ್ರಾಸ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದರು. ನಂತರ ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನ ಸಿಕ್ಕಿ 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು.

ಧೂಮಕೇತು ಸಿಕ್ಕಿದ್ದು

ಹಾರ್ವರ್ಡಿಗೆ ಹೋಗಿ ಕೆಲವೇ ತಿಂಗಳು ಆಗಿತ್ತು. 1949ರ ಜುಲೈ 2ರ ರಾತ್ರಿ ಅವರು ಆಕಾಶದ ಫೋಟೋ ತೆಗೆದರು. ಆ ಫೋಟೋದಲ್ಲಿ ಅಲ್ಲಿ ಇರಬಾರದ ಒಂದು ಬೆಳಕಿನ ಗುರುತು ಇತ್ತು. ಅದು ಒಂದು ಹೊಸ ಧೂಮಕೇತು! ಅವರ ಪ್ರೊಫೆಸರ್ ಬಾರ್ಟ್ ಬೋಕ್ ಮತ್ತು ಜೊತೆಯ ವಿದ್ಯಾರ್ಥಿ ಗಾರ್ಡನ್ ನ್ಯೂಕರ್ಕ್ ಸೇರಿ ಅದನ್ನು ಖಚಿತ ಮಾಡಿದರು. ಹಾಗಾಗಿ ಅದಕ್ಕೆ ಬಪ್ಪು-ಬೋಕ್-ನ್ಯೂಕರ್ಕ್ ಧೂಮಕೇತು ಎಂದು ಹೆಸರಾಯಿತು. ಇದು ತಿರುಗಿ ಬರ್ಲಿಕ್ಕೆ ಸುಮಾರು 60,000 ವರ್ಷ ಬೇಕು ಅಂತ ಲೆಕ್ಕ ಹಾಕಿದ್ದಾರೆ. ಈ ಕೆಲಸಕ್ಕೆ ಅವರಿಗೆ ಡೊನ್ಹೋ ಪದಕ ಸಿಕ್ಕಿತು. ಆಗ ಅವರಿಗೆ ಇನ್ನೂ 22 ವರ್ಷ ತುಂಬಿರಲಿಲ್ಲ.

1952ರಲ್ಲಿ ಅವರು ಪಿಎಚ್.ಡಿ. ಪಡೆದರು. ಆಮೇಲೆ ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದಲ್ಲಿ ಕೆಲಸ ಮಾಡುವ ಅವಕಾಶ ಸಿಕ್ಕಿತು. ಅಲ್ಲಿ 5 ಮೀಟರಿನ ದೂರದರ್ಶಕ ಉಂಟು. ಆ ಕಾಲದಲ್ಲಿ ಪ್ರಪಂಚದಲ್ಲಿಯೇ ಅದು ದೊಡ್ಡದು. ಅದರ ಕನ್ನಡಿ ನಮ್ಮ ತರಗತಿಯ ಕೋಣೆಯಷ್ಟು ಅಗಲ ಅಂತ ಎಣಿಸಿಕೊಳ್ಳಿ.

ಸುಣ್ಣದಿಂದ ನಕ್ಷತ್ರದ ದೂರ

ಅಲ್ಲಿ ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯ ಜೊತೆ ಸೇರಿ ಬಪ್ಪು ಅವರು ಮಾಡಿದ ಸಂಶೋಧನೆಯೇ ಅವರ ದೊಡ್ಡ ಸಾಧನೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಮೂರು ದಿನ ಬೇಕಾಯಿತು. ನನಗೆ ಗೊತ್ತಾದ ಹಾಗೆ ಹೇಳುತ್ತೇನೆ.

ರಾತ್ರಿ ಕಬಕ ಪೇಟೆಯಲ್ಲಿ ನಿಂತು ನೋಡುವಾಗ ದೂರದಲ್ಲಿ ಒಂದು ಬೆಳಕು ಕಾಣುತ್ತದೆ ಅಂತ ಇಟ್ಟುಕೊಳ್ಳುವ. ಅದು ಹತ್ತಿರದ ಸಣ್ಣ ಟಾರ್ಚಾ, ಅಲ್ಲ ದೂರದ ಲಾರಿಯ ದೊಡ್ಡ ಲೈಟಾ? ಹೇಳ್ಲಿಕ್ಕೆ ಆಗುವುದಿಲ್ಲ. ಆದರೆ ಆ ಬಲ್ಬು ಎಷ್ಟು ವ್ಯಾಟಿನದ್ದು ಅಂತ ಗೊತ್ತಾದರೆ ಅದು ಎಷ್ಟು ದೂರ ಉಂಟು ಅಂತ ಲೆಕ್ಕ ಮಾಡಬಹುದು. ನಕ್ಷತ್ರಕ್ಕೂ ಹಾಗೆಯೇ.

ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಣ್ಣ ಬಣ್ಣವಾಗಿ ಬಿಡಿಸಿದರೆ ಮಧ್ಯೆ ಮಧ್ಯೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ವಸ್ತುವಿಗೆ ಅದರದ್ದೇ ಗೆರೆ. ನೇರಳೆ ಬಣ್ಣದ ಕೊನೆಯಲ್ಲಿ ಇರುವ ಕೆ ಎಂಬ ಗೆರೆ ಕ್ಯಾಲ್ಸಿಯಂನದ್ದು. ವೀಳ್ಯದೆಲೆಗೆ ಹಚ್ಚುವ ಸುಣ್ಣದಲ್ಲಿ ಇರುವುದೂ ಅದೇ ಕ್ಯಾಲ್ಸಿಯಂ! ರೋಹಿಣಿಯಂಥ ಕೆಂಬಣ್ಣದ, ಕಡಿಮೆ ಬಿಸಿಯ ನಕ್ಷತ್ರಗಳಲ್ಲಿ ಆ ಕಪ್ಪು ಗೆರೆಯ ನಡುವೆ ಸಪೂರ ಬೆಳಕು ಇರುತ್ತದೆ. ಆ ಬೆಳಕು ಅಗಲ ಇದ್ದಷ್ಟೂ ನಕ್ಷತ್ರ ನಿಜವಾಗಿ ದೊಡ್ಡ ಬೆಳಕಿನದ್ದು ಎಂದು ಇವರಿಬ್ಬರೂ ತೋರಿಸಿದರು. ಅಂದರೆ ಬಲ್ಬಿನ ಮೇಲೆ ಬರೆದ ವ್ಯಾಟನ್ನು ಓದಿದ ಹಾಗೆ ಆಯಿತು. 1957ರಲ್ಲಿ ಇದು ಪ್ರಕಟವಾಯಿತು. ಈಗಲೂ ಇದನ್ನು ವಿಲ್ಸನ್-ಬಪ್ಪು ಪರಿಣಾಮ ಎಂದೇ ಕರೆಯುತ್ತಾರೆ.

ಊರಿಗೆ ಬಂದದ್ದು

ಇಷ್ಟೆಲ್ಲ ಸೌಕರ್ಯ ಅಲ್ಲಿ ಇತ್ತು. ಆದರೂ 1953ರಲ್ಲಿ ಬಪ್ಪು ಅವರು ಭಾರತಕ್ಕೆ ಬಂದುಬಿಟ್ಟರು. ನಾನು ಇದನ್ನು ಓದುವಾಗ ಆಲೋಚನೆ ಮಾಡಿದೆ. ನಮ್ಮೂರಿನಲ್ಲಿ ಕಲಿತವರು ಬೆಂಗಳೂರಿಗೆ ಹೋಗುತ್ತಾರೆ, ಗಲ್ಫಿಗೆ ಹೋಗುತ್ತಾರೆ. ಹೋದವರು ಬರುವುದು ನೇಮಕ್ಕೋ ಜಾತ್ರೆಗೋ ಮದುವೆಗೋ ಮಾತ್ರ. ಚೆನ್ನಾಗಿ ಕಲಿ, ಇಲ್ಲಿಂದ ಹೊರಗೆ ಹೋಗು ಅಂತಲೇ ನಮಗೂ ಹೇಳುತ್ತಾರೆ. ಹಾಗಿರುವಾಗ ಪ್ರಪಂಚದ ದೊಡ್ಡ ದೂರದರ್ಶಕ ಬಿಟ್ಟು, ದೂರದರ್ಶಕವೇ ಸರಿಯಾಗಿ ಇಲ್ಲದ ಊರಿಗೆ ಇವರು ಎಂತಕ್ಕೆ ಬಂದರು? ಅವರು ಬಂದು ಮಾಡಿದ ಕೆಲಸವೇ ಇದಕ್ಕೆ ಉತ್ತರ ಅಂತ ನನಗೆ ಕಾಣುತ್ತದೆ.

ಮೊದಲು ಅವರು ಉತ್ತರ ಪ್ರದೇಶ ಸರಕಾರದ ವೀಕ್ಷಣಾಲಯವನ್ನು ಕಟ್ಟಿದರು. ಅದು 1954ರಲ್ಲಿ ವಾರಾಣಸಿಯಲ್ಲಿ ಶುರುವಾಗಿ ಮರುವರ್ಷ ನೈನಿತಾಲಿಗೆ ಹೋಯಿತು. 1960ರಲ್ಲಿ ತಮಿಳುನಾಡಿನ ಕೊಡೈಕನಾಲ್ ವೀಕ್ಷಣಾಲಯಕ್ಕೆ ಅವರು ನಿರ್ದೇಶಕರಾದರು. ಅಲ್ಲಿ ಸೂರ್ಯನನ್ನು ನೋಡ್ಲಿಕ್ಕೆ ಒಳ್ಳೆಯದಿತ್ತು, ಆದರೆ ನಕ್ಷತ್ರಗಳಿಗೆ ಬೇರೆ ಜಾಗ ಬೇಕಿತ್ತು. ಹುಡುಕಿ ಹುಡುಕಿ ಜವ್ವಾದಿ ಬೆಟ್ಟದ ಕಾವಲೂರು ಎಂಬ ಹಳ್ಳಿಯನ್ನು ಆರಿಸಿದರು. ಸುತ್ತ ಕಾಡು, ಪೇಟೆಯ ಬೆಳಕು ಇಲ್ಲ. 1968ರಲ್ಲಿ ಅಲ್ಲಿ 38 ಸೆಂಟಿಮೀಟರಿನ ಸಣ್ಣ ದೂರದರ್ಶಕ ಇಟ್ಟರು. 1972ರಲ್ಲಿ ಜರ್ಮನಿಯಿಂದ 1 ಮೀಟರಿನದ್ದು ಬಂತು.

ನಮ್ಮ ಶಾಲೆಯ ಭೂಪಟದಲ್ಲಿ ನಾನು ಸ್ಕೇಲು ಇಟ್ಟು ನೋಡಿದೆ. ಕಾವಲೂರು ಕಬಕದಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಉಂಟು. ಅಲ್ಲಿ ನೆತ್ತಿಯ ಮೇಲೆ ಬರುವ ನಕ್ಷತ್ರಗಳು ಸುಮಾರು ಕಾಲು ಗಂಟೆ ಕಳೆದ ಮೇಲೆ ನಮ್ಮ ನೆತ್ತಿಯ ಮೇಲೂ ಬರುತ್ತವೆ. ಆದರೆ ನಮಗೆ ಘಟ್ಟದ ಈಚೆ ಜೂನಿನಿಂದ ನಾಲ್ಕು ತಿಂಗಳು ಮೋಡವೇ ಮೋಡ.

1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಎದುರು ಹಾದುಹೋಯಿತು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರ ಕಣ್ಣು ಮಿಟುಕಿಸಿದ ಹಾಗೆ ಮಂಕಾಯಿತು. ಕಾರಣ, ಯುರೇನಸ್ಸಿಗೆ ಶನಿಯಂತೆ ಉಂಗುರಗಳು ಇದ್ದವು! ಅಮೆರಿಕದ ವಿಜ್ಞಾನಿಗಳು ಇದನ್ನು ವಿಮಾನದಲ್ಲಿ ಹಾರುತ್ತಾ ಕಂಡರು. ಅದೇ ರಾತ್ರಿ ಕಾವಲೂರಿನಲ್ಲಿಯೂ ಇದು ದಾಖಲಾಯಿತು.

ಬೆಂಗಳೂರು ಮತ್ತು 1980ರ ಗ್ರಹಣ

1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಶುರುವಾಯಿತು. ಬಪ್ಪು ಅವರೇ ಅದರ ನಿರ್ದೇಶಕರು. 1975ರಲ್ಲಿ ಅದರ ಮುಖ್ಯ ಕಚೇರಿ ಬೆಂಗಳೂರಿಗೆ ಬಂತು. ಅದು ಈಗ ಕೋರಮಂಗಲದಲ್ಲಿ ಉಂಟು.

1980ರ ಫೆಬ್ರವರಿ 16ರಂದು ನಮ್ಮ ರಾಜ್ಯದಲ್ಲಿ ಅಂಕೋಲಾದಿಂದ ರಾಯಚೂರಿನವರೆಗೆ ಖಗ್ರಾಸ ಸೂರ್ಯಗ್ರಹಣ ಆಯಿತು. ನಮ್ಮ ಅಜ್ಜಿ ಹೇಳುವ ಪ್ರಕಾರ ಆ ದಿನ ಯಾರೂ ಬಾಗಿಲು ತೆಗೆಯಲಿಲ್ಲ, ನೀರು ಸಹ ಮುಟ್ಟಲಿಲ್ಲ. ಅದೇ ಹೊತ್ತಿಗೆ ಈ ಸಂಸ್ಥೆಯವರು ರಾಯಚೂರು ಜಿಲ್ಲೆಯಲ್ಲಿ ಕ್ಯಾಂಪು ಹಾಕಿ ಸೂರ್ಯನ ಕಿರೀಟದ ಫೋಟೋ ತೆಗೆಯುತ್ತಿದ್ದರು. ಸೂರ್ಯನ ಮೈ ಸುಮಾರು 5,500 ಡಿಗ್ರಿ ಬಿಸಿ. ಆದರೆ ಸುತ್ತಲಿನ ಕಿರೀಟ 10 ಲಕ್ಷ ಡಿಗ್ರಿಗಿಂತಲೂ ಬಿಸಿ. ಇದು ಯಾಕೆ ಹೀಗೆ ಅಂತ ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡು ಕಡೆ ಕಂಕಣ ಗ್ರಹಣ ಆದಾಗ ನಾನು ಸಣ್ಣವಳು. ನನ್ನನ್ನೂ ಹೊರಗೆ ಬಿಡಲಿಲ್ಲ. ಬರಿಗಣ್ಣಿನಲ್ಲಿ ನೋಡಬಾರದು ಎಂಬುದು ಸರಿ. ಆದರೆ ಗ್ರಹಣದ ಕನ್ನಡಕ ಹಾಕಿ, ಅಥವಾ ರಟ್ಟಿನ ಸಣ್ಣ ತೂತಿನಿಂದ ನೆಲದ ಮೇಲೆ ಬಿದ್ದ ಬಿಂಬವನ್ನು ನೋಡಬಹುದು. ಹೆದರುವ ಅಗತ್ಯ ಇಲ್ಲ.

ನೋಡಲು ಸಿಗದ ಕನ್ನಡಿ

ಬಪ್ಪು ಅವರಿಗೆ ಇನ್ನೂ ದೊಡ್ಡ ಆಸೆ ಇತ್ತು. ಎರಡು ಮೀಟರಿಗಿಂತ ದೊಡ್ಡ ದೂರದರ್ಶಕ ಬೇಕು, ಅದನ್ನು ನಾವೇ ಮಾಡಬೇಕು. ಗಾಜು ಹೊರದೇಶದಿಂದ ಬಂತು. ಆದರೆ 2.34 ಮೀಟರಿನ ಆ ಕನ್ನಡಿಯನ್ನು ಉಜ್ಜಿ ನಯ ಮಾಡಿದ್ದು ಬೆಂಗಳೂರಿನಲ್ಲಿ. ಕನ್ನಡಿಯನ್ನು ಹೊರುವ ದೊಡ್ಡ ಕಬ್ಬಿಣದ ಭಾಗಗಳನ್ನು ಮಹಾರಾಷ್ಟ್ರದ ವಾಲ್‌ಚಂದ್‌ನಗರದಲ್ಲಿ ಮಾಡಿದರು. ಇಂಥ ಕನ್ನಡಿಯಲ್ಲಿ ತಲೆಕೂದಲಿನ ದಪ್ಪದ ಸಾವಿರದಲ್ಲಿ ಒಂದೆರಡು ಪಾಲು ತಪ್ಪಿದರೂ ನಕ್ಷತ್ರ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ತಾಳ್ಮೆಯಿಂದ ಉಜ್ಜಿದರು.

1979ರಲ್ಲಿ ಅವರು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಹೋದ ಮೊದಲ ಭಾರತೀಯ ಅವರು. 1981ರಲ್ಲಿ ಪದ್ಮಭೂಷಣ ಬಂತು. ಆದರೆ ಕನ್ನಡಿಯ ಕೆಲಸ ಮುಗಿಯುವ ಮೊದಲೇ, 1982ರ ಆಗಸ್ಟ್ 19ರಂದು, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಅವರಿಗೆ ಆಗ 55 ವರ್ಷ. ತಾನು ಆಸೆಪಟ್ಟ ದೂರದರ್ಶಕದಲ್ಲಿ ಒಂದು ನಕ್ಷತ್ರವನ್ನೂ ನೋಡ್ಲಿಕ್ಕೆ ಅವರಿಗೆ ಸಿಗಲಿಲ್ಲ. ಇದನ್ನು ಓದುವಾಗ ನನಗೆ ತುಂಬಾ ಬೇಸರ ಆಯಿತು.

ಆದರೆ ಕೆಲಸ ನಿಲ್ಲಲಿಲ್ಲ. ಯಾಕೆಂದರೆ ಅವರು ಕೆಲಸ ಗೊತ್ತಿರುವ ಜನರನ್ನು ತಯಾರು ಮಾಡಿ ಇಟ್ಟಿದ್ದರು. ದೂರದರ್ಶಕವನ್ನು ಅವರೇ ಮುಗಿಸಿದರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೈನು ಬಪ್ಪು ಅವರ ಹೆಸರನ್ನೇ ಇಟ್ಟರು. 1988ರಲ್ಲಿ ಕಾವಲೂರಿನ ಇನ್ನೊಂದು ದೂರದರ್ಶಕದಿಂದ ಒಂದು ಕ್ಷುದ್ರಗ್ರಹ ಸಿಕ್ಕಿ ಅದಕ್ಕೆ ರಾಮಾನುಜನ್ ಎಂದು ಹೆಸರಿಟ್ಟರು. 2596 ನಂಬರಿನ ಕ್ಷುದ್ರಗ್ರಹಕ್ಕೆ ವೈನು ಬಪ್ಪು ಎಂದೇ ಹೆಸರು ಉಂಟು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನಮಗೆಲ್ಲ ಗೊತ್ತಲ್ಲ? ಅದರಲ್ಲಿ ಸೂರ್ಯನ ಕಿರೀಟವನ್ನು ನೋಡುವ ಉಪಕರಣವನ್ನು ಮಾಡಿದ್ದು ಇದೇ ಭಾರತೀಯ ಖಭೌತ ಸಂಸ್ಥೆಯವರು. 1980ರಲ್ಲಿ ಕೆಲವೇ ನಿಮಿಷ ಕಂಡದ್ದನ್ನು ಈಗ ದಿನಾಲೂ ನೋಡ್ಲಿಕ್ಕೆ ಆಗುತ್ತದೆ.

ಹಲಸಿನ ಮರ ನೆಟ್ಟವರೇ ಅದರ ಎಲ್ಲ ಹಣ್ಣು ತಿನ್ನುವುದಿಲ್ಲ. ಎಲ್ಲರೂ ಇಲ್ಲಿಯೇ ಇರಬೇಕು ಅಂತ ನಾನು ಹೇಳುವುದಿಲ್ಲ. ಹೋದವರು ಕಲಿತದ್ದನ್ನು ಹಿಂದೆ ತಂದು, ಊರಿನ ನಾಲ್ಕು ಜನರಿಗೆ ಕಲಿಸಿದರೆ ಅದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಬಪ್ಪು ಅವರ ಜೀವನವೇ ಸಾಕ್ಷಿ.

ಡಿಸೆಂಬರ್ ತಿಂಗಳಲ್ಲಿ ನಮ್ಮಲ್ಲಿ ಮೋಡ ಕಡಿಮೆ. ಸಂಜೆ ಏಳು ಗಂಟೆಯ ಮೇಲೆ ಅಂಗಳಕ್ಕೆ ಬಂದು ಪೂರ್ವಕ್ಕೆ ನೋಡಿ. ಕೆಂಪಗೆ ಹೊಳೆಯುವ ರೋಹಿಣಿ ನಕ್ಷತ್ರ ಕಾಣುತ್ತದೆ. ಗುರುತು ಸಿಗದಿದ್ದರೆ ನನ್ನನ್ನು ಕೇಳಿ, ತೋರಿಸುತ್ತೇನೆ.