ಲೈಪೋ ಪ್ಯಾಕ್ ಮೇಲಿರೋ ಹೆಸರು: ಅಲೆಸ್ಸಾಂಡ್ರೋ ವೋಲ್ಟಾ

ಆರ್‌ಸಿ ಪ್ಲೇನ್ ಹಾರಿಸೋರು, ಡ್ರೋನ್ ಕಟ್ಟೋರು ಎಲ್ಲರೂ ದಿನಕ್ಕೆ ಹತ್ತು ಸಲವಾದರೂ ಒಬ್ಬ ಮನುಷ್ಯನ ಹೆಸರು ಹೇಳ್ತೀವಿ. ಸೆಲ್ ಎಷ್ಟು ವೋಲ್ಟ್ ಇದೆ ನೋಡು, ಮೂರೂವರೆ ವೋಲ್ಟ್ ಬಂತು ಇಳಿಸು, ನಾಲ್ಕು ಪಾಯಿಂಟ್ ಎರಡು ವೋಲ್ಟ್ ಆಯ್ತು ಚಾರ್ಜರ್ ತೆಗಿ. ಆ ವೋಲ್ಟ್ ಯಾರು ಅಂತ ಕೇಳಿದ್ರೆ ಬ್ಯಾಟರಿ ಕಂಡುಹಿಡಿದವನು ಅನ್ನೋ ಒಂದೇ ಸಾಲಿಗೆ ನಿಲ್ಲಿಸಿಬಿಡ್ತೀವಿ. ಆದರೆ ಅವನ ಬದುಕನ್ನ ಸ್ವಲ್ಪ ನಿಧಾನಕ್ಕೆ ಓದಿದ್ರೆ, ನಮ್ಮ ಲೈಪೋ ಪ್ಯಾಕನ್ನ ಹೇಗೆ ಇಟ್ಕೋಬೇಕು ಅನ್ನೋದರ ಅರ್ಧ ಪಾಠ ಅಲ್ಲೇ ಸಿಗುತ್ತೆ.

ಅಲೆಸ್ಸಾಂಡ್ರೋ ವೋಲ್ಟಾ ಹುಟ್ಟಿದ್ದು 1745ರ ಫೆಬ್ರವರಿ 18ರಂದು, ಇಟಲಿಯ ಉತ್ತರಕ್ಕಿರುವ ಕೋಮೋ ಊರಿನಲ್ಲಿ. ನಮ್ಮ ಕಡೆ ಹಾಗೆ ಸುತ್ತ ಗುಡ್ಡ, ಮಧ್ಯದಲ್ಲಿ ದೊಡ್ಡ ಸರೋವರ. ಹೆಸರಿಗೆ ದೊಡ್ಡ ಮನೆತನ, ಕೈಯಲ್ಲಿ ಕಾಸಿಲ್ಲ. ಹುಡುಗ ನಾಲ್ಕು ವರ್ಷ ಆಗೋವರೆಗೂ ಸರಿಯಾಗಿ ಮಾತಾಡಲಿಲ್ಲ, ಇವನಿಗೆ ಬುದ್ಧಿ ಕಮ್ಮಿ ಅಂತ ಮನೆಯವರು ಚಿಂತೆ ಮಾಡಿದ್ದರು. ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಸಾಕಿದ ಬಂಧುಗಳಿಗೆ ಇವನು ವಕೀಲನಾಗಲಿ ಅಂತ ಆಸೆ. ಇವನು ಮಾತ್ರ ಹದಿನೆಂಟರ ವಯಸ್ಸಿಗೆ ಆ ಕಾಲದ ಹೆಸರಾಂತ ವಿದ್ಯುತ್ ವಿಜ್ಞಾನಿಗಳಿಗೆ ಕಾಗದ ಬರೆಯೋಕೆ ಶುರು ಮಾಡಿದ್ದ. ವಿಶ್ವವಿದ್ಯಾಲಯದ ಪದವಿ ಇಲ್ಲ, ಸ್ವಂತ ಓದು, ಸ್ವಂತ ಪ್ರಯೋಗ. 1774ರಲ್ಲಿ ಕೋಮೋದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮುಂದೆ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆಗಿ ನಾಲ್ಕು ದಶಕಗಳಷ್ಟು ಕಾಲ ಆ ಊರಿನ ನಂಟು ಉಳಿಯಿತು.

1776ರಲ್ಲಿ ಅವನು ಮಾಡಿದ ಒಂದು ಕೆಲಸ ಮಲೆನಾಡಿನವರಿಗೆ ಚೆನ್ನಾಗಿ ಅರ್ಥ ಆಗುತ್ತೆ. ಮಜೋರೆ ಸರೋವರದ ದಡದ ಜೌಗು ನೆಲದಲ್ಲಿ ಕೋಲು ಹಾಕಿ ಕಲಕಿದರೆ ಕೆಸರಿಂದ ಗುಳ್ಳೆ ಏಳ್ತಿತ್ತು. ನಮ್ಮ ಗದ್ದೆ ಬಯಲಲ್ಲೂ ಏಳುತ್ತಲ್ಲ, ಅಂಥದ್ದೇ. ವೋಲ್ಟಾ ಆ ಗುಳ್ಳೆಗಳನ್ನ ಬಾಟಲಿಯಲ್ಲಿ ಹಿಡಿದು ಉರಿಸಿ ನೋಡಿದ. ಅದೇ ಮೀಥೇನ್. ಮೂಡಿಗೆರೆ, ಕಳಸದ ಎಷ್ಟೋ ಮನೆಗಳ ಹಿತ್ತಲಲ್ಲಿರೋ ಗೋಬರ್ ಗ್ಯಾಸಿನ ಮುಖ್ಯ ಭಾಗ. ಮರುವರ್ಷ ಅವನು ಒಂದು ಪಿಸ್ತೂಲಿನಂಥ ಪಾತ್ರೆ ಮಾಡಿ, ಒಳಗೆ ಉರಿಯುವ ಅನಿಲ ಮತ್ತು ಗಾಳಿ ತುಂಬಿ, ವಿದ್ಯುತ್ ಕಿಡಿ ಕೊಟ್ಟು ಢಮ್ ಅನ್ನಿಸಿದ. ಕೋಮೋದಿಂದ ಮಿಲಾನಿನವರೆಗೆ ತಂತಿ ಎಳೆದು, ಇಲ್ಲಿ ಒತ್ತಿದರೆ ಅಲ್ಲಿ ಪಿಸ್ತೂಲು ಸಿಡಿಯೋ ಹಾಗೆ ಮಾಡಬಹುದು ಅಂತಲೂ ಯೋಚಿಸಿದ್ದ. ಚಿಕ್ಕಮಗಳೂರಿಂದ ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ತನಕ ತಂತಿ ಎಳೆದ ಹಾಗೆ. ದೂರದಿಂದ ಯಂತ್ರವನ್ನ ಆಡಿಸೋ ನಮ್ಮ ಹುಚ್ಚಿಗೆ ಇವನು ಮುತ್ತಜ್ಜ ಅನ್ನಬಹುದು.

ಆ ಪಿಸ್ತೂಲನ್ನ ನೆನಪಲ್ಲಿಟ್ಟುಕೊಂಡು ಉಬ್ಬಿದ ಲೈಪೋ ಪ್ಯಾಕನ್ನ ನೋಡಿ. ಒಳಗಿನ ದ್ರಾವಣ ಕೆಟ್ಟು ಅನಿಲ ಆಗಿರೋದಕ್ಕೇ ಅದು ಹಪ್ಪಳದ ಹಾಗೆ ಉಬ್ಬಿರೋದು. ಅದರಲ್ಲಿ ಹೊತ್ತಿಕೊಳ್ಳೋ ಅನಿಲಗಳೂ ಇರ್ತವೆ, ಪಕ್ಕದಲ್ಲೇ ಕಿಡಿ ಕೊಡೋಕೆ ಬೇಕಾದಷ್ಟು ಶಕ್ತಿಯೂ ಇರುತ್ತೆ. ಸೂಜಿ ಚುಚ್ಚಿ ಗಾಳಿ ಬಿಡೋದು, ಮೇಲೆ ಪುಸ್ತಕ ಹೇರಿ ಚಪ್ಪಟೆ ಮಾಡೋದು, ಟೇಪ್ ಸುತ್ತಿ ಇನ್ನೊಂದು ಫ್ಲೈಟ್ ಹಾರಿಸೋದು, ಇದೆಲ್ಲ ಬೇಡ. ಉಬ್ಬಿದ ಪ್ಯಾಕಿನ ಕೆಲಸ ಮುಗಿಯಿತು. ಅದನ್ನ ಹೊರಗಡೆ, ಹೊತ್ತಿಕೊಳ್ಳದ ಜಾಗದಲ್ಲಿಟ್ಟು, ಆಮೇಲೆ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಬೇಕು. ಕಸದ ಬುಟ್ಟಿಗಂತೂ ಹಾಕಲೇಬಾರದು.

ವೋಲ್ಟಾನ ಬದುಕಿನ ದೊಡ್ಡ ತಿರುವು ಬಂದಿದ್ದು ಕಪ್ಪೆಯಿಂದ. ಬೊಲೋನ್ಯದ ವೈದ್ಯ ಲುಯಿಜಿ ಗಾಲ್ವಾನಿ 1791ರಲ್ಲಿ ತನ್ನ ಪ್ರಯೋಗಗಳನ್ನ ಪ್ರಕಟಿಸಿದ. ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹ ತಾಗಿಸಿದರೆ ಕಾಲು ಒದೆಯುತ್ತೆ. ವಿದ್ಯುತ್ತು ಪ್ರಾಣಿಯ ಒಳಗೇ ಇದೆ ಅಂದ ಗಾಲ್ವಾನಿ. ವೋಲ್ಟಾ ಮೊದಲು ಒಪ್ಪಿದ, ಆಮೇಲೆ ತಾನೇ ಪ್ರಯೋಗ ಮಾಡ್ತಾ ಹೋದ ಹಾಗೆ ಅನುಮಾನ ಬಂತು. ಕಪ್ಪೆ ಬರೀ ಮೀಟರು, ಕೆಲಸ ಮಾಡ್ತಿರೋದು ಆ ಎರಡು ಲೋಹಗಳು ಅಂದ. ಯೂರೋಪಿನ ವಿದ್ವಾಂಸರೆಲ್ಲ ಎರಡು ಗುಂಪಾದರು. ನಿಜ ನೋಡಿದ್ರೆ ಇಬ್ಬರ ಮಾತಲ್ಲೂ ಸತ್ಯ ಇತ್ತು, ನರಗಳಲ್ಲಿ ವಿದ್ಯುತ್ತು ಇರೋದೂ ಹೌದು. ಗಾಲ್ವಾನಿಯ ಕೊನೆಗಾಲ ಕಷ್ಟದ್ದು. ನೆಪೋಲಿಯನ್ ಕಟ್ಟಿದ ಹೊಸ ಸರ್ಕಾರಕ್ಕೆ ಪ್ರಮಾಣ ಮಾಡೋಕೆ ಒಪ್ಪದೆ ಕೆಲಸ ಕಳೆದುಕೊಂಡು 1798ರಲ್ಲಿ ತೀರಿಕೊಂಡ. ವೋಲ್ಟಾನ ಉತ್ತರ ನೋಡೋಕೆ ಅವನು ಉಳಿಯಲಿಲ್ಲ.

ಆ ಉತ್ತರ ಬಂದಿದ್ದು 1800ರ ಮಾರ್ಚ್ 20ರಂದು, ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಬರೆದ ಕಾಗದದಲ್ಲಿ. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಮಧ್ಯೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಅಥವಾ ಬಟ್ಟೆ. ಅಕ್ಕಿರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು. ಎಷ್ಟು ಜೋಡಿ ಹೆಚ್ಚೋ ಅಷ್ಟು ಬಲ ಹೆಚ್ಚು. ಇವತ್ತು ನಮ್ಮ ಪ್ಯಾಕ್ ಮೇಲೆ 3ಎಸ್ ಅಂತ ಬರೆದಿರೋದೂ ಅದೇ ಲೆಕ್ಕ. 3.7 ವೋಲ್ಟಿನ ಮೂರು ಸೆಲ್ಲು ಸಾಲಾಗಿ ಸೇರಿ 11.1, ತುಂಬಾ ಚಾರ್ಜ್ ಆದಾಗ 12.6.

ಆದರೆ ಆ ಕಂಬಕ್ಕೆ ಒಂದು ಕಾಯಿಲೆ ಇತ್ತು. ಮೇಲಿನ ಬಿಲ್ಲೆಗಳ ಭಾರಕ್ಕೆ ಕೆಳಗಿನ ಬಟ್ಟೆಯಿಂದ ಉಪ್ಪುನೀರು ಹಿಂಡಿ ಹೊರಗೆ ಸುರಿದು ಸೆಲ್ಲುಗಳು ತಮ್ಮತಮ್ಮಲ್ಲೇ ಶಾರ್ಟ್ ಆಗ್ತಿದ್ದವು. ಅದೇ ಕಾಗದದಲ್ಲೇ ವೋಲ್ಟಾ ಇನ್ನೊಂದು ವಿನ್ಯಾಸ ಕೊಟ್ಟ: ಬಟ್ಟಲುಗಳ ಸಾಲು, ಒಂದೊಂದು ಸೆಲ್ಲೂ ಪ್ರತ್ಯೇಕ. ಲೈಪೋದಲ್ಲೂ ಎರಡು ಪದರಗಳ ನಡುವೆ ಇರೋದು ಕಾಗದಕ್ಕಿಂತ ತೆಳುವಾದ ಒಂದು ಸೆಪರೇಟರ್, ಹೊರಗೆ ಗಟ್ಟಿ ಡಬ್ಬಿಯೂ ಇಲ್ಲ. ಪ್ಲೇನ್ ಕಾಫಿ ತೋಟದ ಸಿಲ್ವರ್ ಓಕ್ ಮರಕ್ಕೆ ಹೊಡೆದು ಬಿದ್ದಾಗ ರೆಕ್ಕೆ ಮುರಿದಿದ್ಯಾ ಅಂತ ನೋಡೋ ಮೊದಲು ಪ್ಯಾಕ್ ತೆಗೆದು ಬಯಲಲ್ಲಿ, ಒಣಗಿದ ಎಲೆಗಳಿಂದ ದೂರ ಇಡಿ. ಸೆಪರೇಟರ್ ಹರಿದಿದ್ರೆ ಬೆಂಕಿ ತಕ್ಷಣವೇ ಬರಬೇಕು ಅಂತೇನಿಲ್ಲ, ಸ್ವಲ್ಪ ಹೊತ್ತು ಬಿಟ್ಟೂ ಬರಬಹುದು. ಪ್ರತಿ ಸೆಲ್ಲನ್ನ ಬೇರೆ ಬೇರೆ ನೋಡಿಕೊಳ್ಳೋ ಕೆಲಸ ನಮ್ಮಲ್ಲಿ ಬ್ಯಾಲೆನ್ಸ್ ವೈರಿನದ್ದು. ಅದನ್ನ ಸಿಕ್ಕಿಸದೆ ಚಾರ್ಜ್ ಮಾಡಿದ್ರೆ ಒಟ್ಟು 12.6 ಸರಿ ಕಂಡರೂ ಒಂದು ಸೆಲ್ 4.4ಕ್ಕೆ ಹೋಗಿ ಇನ್ನೊಂದು 4ರಲ್ಲೇ ನಿಂತಿರಬಹುದು.

ವೋಲ್ಟಾನ ಹತ್ರ ಇವತ್ತಿನಂಥ ಮೀಟರ್ ಇರಲಿಲ್ಲ. ನಾಲಿಗೆ, ಬೆರಳು, ಕಣ್ಣು ಕೂಡ ಅವನ ಉಪಕರಣ. ಒಂದು ಸಲ ಎರಡು ಕಿವಿಗೂ ಲೋಹದ ಕಡ್ಡಿ ಹಾಕಿ ಕಂಬಕ್ಕೆ ಜೋಡಿಸಿಕೊಂಡ. ತಲೆಯೊಳಗೆ ಆಘಾತ, ಆಮೇಲೆ ಏನೋ ಕುದಿಯೋ ಹಾಗೆ ಸದ್ದು. ಇದು ಅಪಾಯ ಅನ್ನಿಸಿ ಆ ಪ್ರಯೋಗವನ್ನ ಮತ್ತೆ ಮಾಡದೆ ಬಿಟ್ಟ. ನಮಗೆ ಇದು ಅವನ ಬದುಕಿನ ತುಂಬಾ ಮುಖ್ಯವಾದ ಘಟನೆ ಅನ್ನಿಸುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಅವನಿಗೆ ಗೊತ್ತಿತ್ತು.

ನಮ್ಮ ಗಡಿಗಳನ್ನ ಅವನ ಹೆಸರಲ್ಲೇ ಬರೆದಿಟ್ಟಿದ್ದಾರೆ. ಸೆಲ್ಲಿಗೆ 4.2 ವೋಲ್ಟ್ ಮೇಲಿನ ಗಡಿ. 3 ವೋಲ್ಟ್ ಕೆಳಗಿನ ಗಡಿ, ಅಲ್ಲಿವರೆಗೂ ಕಾಯದೆ 3.5ರ ಆಸುಪಾಸಲ್ಲೇ ಇಳಿಸಿಬಿಡಬೇಕು. ವಾರಗಟ್ಟಲೆ ಇಡೋದಾದ್ರೆ 3.8. ಚಾರ್ಜಿಂಗ್ ಕರೆಂಟು 1ಸಿ, ಅಂದ್ರೆ 2200 ಎಂಎಎಚ್ ಪ್ಯಾಕಿಗೆ 2.2 ಆಂಪಿಯರ್. ಹಾರಿಸಿ ಬಂದ ಬಿಸಿ ಪ್ಯಾಕು ತಣ್ಣಗಾಗೋವರೆಗೂ ಚಾರ್ಜರಿಗೆ ಹಾಕೋ ಹಾಗಿಲ್ಲ.

ಪೈಲ್ ಸುದ್ದಿ ಹಬ್ಬಿದ ವರ್ಷವೇ ಇಂಗ್ಲೆಂಡಿನಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಅದರಿಂದ ನೀರನ್ನ ಒಡೆದರು. 1801ರಲ್ಲಿ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ ಎದುರು ವೋಲ್ಟಾ ಪ್ರಯೋಗ ತೋರಿಸಿ ಚಿನ್ನದ ಪದಕ ಪಡೆದ, 1810ರಲ್ಲಿ ಕೌಂಟ್ ಪದವಿ ಬಂತು. ಮನೆಯಲ್ಲಿ ಹೆಂಡತಿ ತೆರೇಸಾ, ಮೂರು ಗಂಡುಮಕ್ಕಳು. ಅವರಲ್ಲೊಬ್ಬ, ಫ್ಲಾಮಿನಿಯೋ, ಇನ್ನೂ ಹುಡುಗನಿದ್ದಾಗಲೇ ತೀರಿಕೊಂಡ. ಆ ದುಃಖದಿಂದ ಅಪ್ಪ ಪೂರ್ತಿ ಹೊರಗೆ ಬರಲೇ ಇಲ್ಲ. ಕೆಲಸದಿಂದ ನಿವೃತ್ತನಾಗಿ ಕೋಮೋ ಹತ್ತಿರದ ಕಮ್ನಾಗೋದ ಮನೆ ಸೇರಿದ. ಅವನು ಬದುಕಿದ್ದಾಗಲೇ, 1817ರಲ್ಲಿ, ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಒಂದು ಖನಿಜದಲ್ಲಿ ಲಿಥಿಯಂ ಇರೋದನ್ನ ಕಂಡುಹಿಡಿದ. 1821ರಲ್ಲಿ ಇಂಗ್ಲೆಂಡಿನ ಬ್ರಾಂಡೆ ಅದನ್ನ ಲೋಹವಾಗಿ ಬೇರ್ಪಡಿಸಿದ್ದು ವಿದ್ಯುತ್ ಹರಿಸಿಯೇ. ಲಿಥಿಯಂ ಬ್ಯಾಟರಿ ಆಗೋ ಮೊದಲು, ಬ್ಯಾಟರಿಯೇ ಲಿಥಿಯಮನ್ನ ಹೊರಗೆ ತಂದಿತ್ತು!

1827ರ ಮಾರ್ಚ್ 5ರಂದು, 82ನೇ ವಯಸ್ಸಿನಲ್ಲಿ, ವೋಲ್ಟಾ ತೀರಿಕೊಂಡ. 1881ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ವೋಲ್ಟ್ ಅನ್ನೋ ಮಾನವನ್ನ ಒಪ್ಪಿಕೊಂಡಿತು.

1899ರಲ್ಲಿ ಬ್ಯಾಟರಿಗೆ ನೂರು ವರ್ಷ ಅಂತ ಕೋಮೋದಲ್ಲಿ ದೊಡ್ಡ ವಸ್ತುಪ್ರದರ್ಶನ ಏರ್ಪಡಿಸಿದರು. ವೋಲ್ಟಾ ಕೈಯಾರೆ ಮಾಡಿದ ಉಪಕರಣಗಳನ್ನ ಮರದಲ್ಲಿ ಕಟ್ಟಿದ ಮಂಟಪಗಳಲ್ಲಿಟ್ಟಿದ್ದರು. ಜುಲೈ 8ರಂದು ಅಲ್ಲಿ ಬೆಂಕಿ ಬಿತ್ತು. ಕಾರಣ ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಅಂತಲೇ ಹೇಳ್ತಾರೆ. ಬಹುಪಾಲು ಉಪಕರಣ ಬೂದಿಯಾದವು. ಕೋಮೋ ಸರೋವರದ ದಡದಲ್ಲಿ ಅವನ ನೂರನೇ ಪುಣ್ಯತಿಥಿಯ ನೆನಪಿಗೆ ಕಟ್ಟಿದ ಮ್ಯೂಸಿಯಮ್ಮಿನಲ್ಲಿ ಈಗ ಇರೋದು ಬೆಂಕಿಯಿಂದ ಉಳಿದ ಕೆಲವು ಮತ್ತು ಆಮೇಲೆ ಮಾಡಿದ ಪ್ರತಿಕೃತಿಗಳು.

ನಮ್ಮಲ್ಲಿ ಎಷ್ಟು ಜನರ ಮನೆ ಹೆಂಚಿನ ಮಾಡಿನದ್ದು, ಅಟ್ಟ ಮರದ್ದು? ಕಾಫಿ ಕೊಯ್ಲಿನ ಕಾಲದಲ್ಲಿ ಗೋಣಿಚೀಲಗಳು ಗೋಡೆವರೆಗೂ ಪೇರಿಸಿರ್ತವೆ. ರಜೆಗೆ ಕಳಸಕ್ಕೋ ಬಾಳೆಹೊನ್ನೂರಿಗೋ ಹೋದಾಗ ಪ್ಯಾಕನ್ನ ಆ ಚೀಲದ ಮೇಲಿಟ್ಟು, ರಾತ್ರಿ ಚಾರ್ಜಿಗೆ ಹಾಕಿ ಮಲಗಬೇಡಿ. ಹಾಸ್ಟೆಲ್ ಮಂಚದ ಮೇಲೂ ಬೇಡ. ಸಿಮೆಂಟ್ ನೆಲದ ಮೇಲೆ ಅಥವಾ ಕಾಫಿ ಒಣಗಿಸೋ ಕಣದಲ್ಲಿ, ಮಣ್ಣಿನ ಕುಂಡದಲ್ಲಿಟ್ಟು, ಪಕ್ಕದಲ್ಲೊಂದು ಬಕೆಟ್ ಒಣ ಮರಳಿಟ್ಟುಕೊಂಡು, ಎದುರಿಗೆ ಕೂತು ಚಾರ್ಜ್ ಮಾಡಿ. ಹೊಗೆ ಬಂದ್ರೆ ಅದನ್ನ ಕುಡಿಯದೆ ದೂರ ಸರಿದು ಎಲ್ಲರನ್ನೂ ಹೊರಗೆ ಕಳಿಸಿ. ಒಂದು ಗಂಟೆ ಕೂರೋಕೆ ಬೇಜಾರಾದ್ರೆ ಕೈಯಲ್ಲಿ ಒಂದು ಲೋಟ ಕಾಫಿ ಹಿಡ್ಕೊಳ್ಳಿ. ನಮ್ಮೂರಲ್ಲಿ ಅದಕ್ಕೇನು ಬರ?