ಗೌಹರ್ ಜಾನ್ ಹಾಡು, ನಮ್ಮ ಸ್ಪೀಕರಿನ ಗುಂಯ್

ಗೌಹರ್ ಜಾನ್ ಅಂದ್ರ ಯಾರು ಅಂತ ನಮ್ಮ ಕ್ಲಾಸಿನಾಗ ಕೇಳಿದ್ರ ಹತ್ತರಾಗ ಒಂಬತ್ತು ಮಂದಿ ಮೊಬೈಲ್ ಹೊರಗ ತೆಗೀತಾರ. ನೂರು ವರ್ಷದ ಹಿಂದ ಹಂಗಿರಲಿಲ್ಲ. ಗ್ರಾಮೊಫೋನ್ ಇದ್ದ ಮನೆಯೊಳಗ ಆ ಹೆಸರು ಗೊತ್ತಿಲ್ಲದವರೇ ಇರಲಿಲ್ಲ. ಕಲ್ಕತ್ತದಲ್ಲಿ ಹೆಸರು ಮಾಡಿ, ನಮ್ಮ ಮೈಸೂರಿನಲ್ಲಿ ಕಣ್ಣು ಮುಚ್ಚಿದ ಈ ಗಾಯಕಿಯ ಬಗ್ಗೆ ಎಂಜಿನಿಯರಿಂಗ್ ಕಾಲೇಜಿನ ಕನ್ನಡ ಬಳಗದವರು ನಾವು ಬರೆಯೋದಕ್ಕ ಒಂದು ಕಾರಣ ಅದ. ಸಗರನಾಡಿನ ಹಳ್ಳಿಗಳಲ್ಲಿ ತತ್ವಪದ, ಡೊಳ್ಳಿನ ಪದ, ಬೀಸುವ ಪದ ಹಾಡುವ ಹಿರಿಯರ ದನಿಯನ್ನು ಕಂಪ್ಯೂಟರಿಗೆ ಇಳಿಸಬೇಕು ಅಂತ ನಮ್ಮ ಬಳಗ ತೀರ್ಮಾನಿಸಿದೆ. ಕೈ ಪಳಗಲಿ ಅಂತ ಮೊದಲು ಹಳೆಯ ಗ್ರಾಮೊಫೋನ್ ತಟ್ಟೆಯೊಂದನ್ನು ಇಳಿಸಲು ಕೂತೆವು. ತಟ್ಟೆ ಗೌಹರ್ ಜಾನ್ ಅವರದು. ಸ್ಪೀಕರಿನಲ್ಲಿ ಹಾಡಿಗಿಂತ ಮೊದಲು ಕೇಳಿಸಿದ್ದು ಗುಂಯ್ ಅನ್ನೋ ಸದ್ದು. ಆ ಸದ್ದು ಯಾರದು ಅಂತ ತಿಳೀಬೇಕಂದ್ರ ಅವರ ಬದುಕನ್ನೇ ಓದಬೇಕಾಯ್ತು.

ಅವರು ಹುಟ್ಟಿದ್ದು 1873ರ ಜೂನ್ 26ರಂದು, ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ಆಗಿನ ಹೆಸರು ಅಂಜೆಲಿನಾ ಯೋವಾರ್ಡ್. ತಂದೆ ಅರ್ಮೇನಿಯನ್ ಮೂಲದವರು, ಐಸ್ ಫ್ಯಾಕ್ಟರಿಯಲ್ಲಿ ಎಂಜಿನಿಯರು. ತಾಯಿ ವಿಕ್ಟೋರಿಯಾ ಹಾಡು, ಕವಿತೆ ಎರಡರಲ್ಲೂ ಒಲವಿದ್ದವರು. ಮಗಳು ಇನ್ನೂ ಸಣ್ಣಾಕಿ ಇರುವಾಗಲೇ ಗಂಡ ಹೆಂಡತಿ ಬೇರೆಯಾದರು. ತಾಯಿ ಮಗಳು ಬನಾರಸಿಗೆ ಬಂದು ಇಸ್ಲಾಂ ಧರ್ಮಕ್ಕೆ ಸೇರಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದರು, ಅಂಜೆಲಿನಾ ಗೌಹರ್ ಜಾನ್ ಆದರು.

1883ರಲ್ಲಿ ಇಬ್ಬರೂ ಕಲ್ಕತ್ತಕ್ಕೆ ಹೋದರು. ರಾಜ್ಯ ಕಳಕೊಂಡ ಅವಧದ ನವಾಬ ವಾಜಿದ್ ಅಲಿ ಶಾ ಅಲ್ಲೇ ಮಟಿಯಾಬುರ್ಜಿನಲ್ಲಿ ಆಸ್ಥಾನ ಕಟ್ಟಿಕೊಂಡಿದ್ದ ಕಾಲ ಅದು. ಗಾಯಕರು, ಕಥಕ್ ಕಲಾವಿದರು ಅವನ ಸುತ್ತ ನೆರೆದಿದ್ದರು. ಆ ಹುಡುಗಿ ಅಲ್ಲಿ ಬಿಂದಾದೀನ್ ಮಹಾರಾಜರ ಹತ್ತಿರ ಕಥಕ್ ಕಲಿತಳು, ಉಸ್ತಾದರ ಹತ್ತಿರ ಖಯಾಲ್, ಠುಮ್ರಿ ಕಲಿತಳು, ಬಂಗಾಳಿ ಕೀರ್ತನೆಯನ್ನೂ ಬಿಡಲಿಲ್ಲ. 1887ರಲ್ಲಿ ದರ್ಭಂಗಾ ಅರಮನೆಯಲ್ಲಿ ಮೊದಲ ಕಛೇರಿ ಕೊಟ್ಟಾಗ ವಯಸ್ಸು ಇನ್ನೂ ಹದಿನಾಲ್ಕು.

ಅವರನ್ನು ಇತಿಹಾಸಕ್ಕೆ ಸೇರಿಸಿದ್ದು 1902ರ ನವೆಂಬರ್. ಲಂಡನ್ನಿನ ಗ್ರಾಮೊಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನನ್ನು ಕಲ್ಕತ್ತಕ್ಕೆ ಕಳಿಸಿತ್ತು. ಅವನು ಹೋಟೆಲಿನ ಕೋಣೆಯೊಳಗ ಯಂತ್ರ ಹೂಡಿದ. ಗೌಹರ್ ಜಾನ್ ಭಾರತದ ಮೊಟ್ಟಮೊದಲ ರೆಕಾರ್ಡ್ ಗಾಯಕಿ ಅಂತ ಬಹಳ ಕಡೆ ಬರೀತಾರ. ಅವರಿಗಿಂತ ಕೆಲವೇ ದಿನ ಮೊದಲು ಅಲ್ಲಿನ ನಾಟಕದ ಇಬ್ಬರು ಹುಡುಗಿಯರ ದನಿ ತಟ್ಟೆಗೆ ಇಳಿದಿತ್ತು. ಆದ್ರ ತಟ್ಟೆಗೆ ಇಳಿದ ಮೊದಲ ದೊಡ್ಡ ಕಲಾವಿದೆ ಗೌಹರ್ ಅವರೇ.

ಈಗ ಆ ಕೋಣೆಯನ್ನು ಎಂಜಿನಿಯರಿನ ಕಣ್ಣಿಂದ ನೋಡ್ರಿ. ಮೈಕ್ ಇಲ್ಲ, ಆಂಪ್ಲಿಫೈಯರ್ ಇಲ್ಲ. ಗೋಡೆಯಿಂದ ಚಾಚಿಕೊಂಡ ದೊಡ್ಡ ಕಹಳೆಯಂಥ ಕೊಳವೆ. ಅದರ ಸಣ್ಣ ತುದಿಗೆ ತೆಳ್ಳನೆಯ ಪೊರೆ, ಪೊರೆಗೆ ಸೂಜಿ, ಸೂಜಿಯ ಕೆಳಗ ತಿರುಗುವ ಮೇಣದ ತಟ್ಟೆ. ಹಾಡುವವರ ಉಸಿರಿನ ಬಲವೇ ಸೂಜಿಯನ್ನು ಅಲುಗಿಸಬೇಕು. ಅದಕ್ಕ ಕಲಾವಿದರು ಕೊಳವೆಯೊಳಗ ಮುಖ ಇಟ್ಟು ಹಾಡಬೇಕಿತ್ತು. ಸಾರಂಗಿ, ತಬಲಾ ಎಷ್ಟು ದೂರ ಕೂರಬೇಕು ಅನ್ನೋದೇ ಅಂದಿನ ಮಿಕ್ಸಿಂಗ್. ಸಿಗ್ತಿದ್ದ ಸಮಯ ಮೂರು ನಿಮಿಷದ ಆಸುಪಾಸು. ರಾತ್ರಿಯಿಡೀ ಬೆಳೆಸುವ ರಾಗವನ್ನು ಗೌಹರ್ ಆ ಮೂರು ನಿಮಿಷಕ್ಕೆ ಅಳೆದು ಹೊಂದಿಸಿದರು. ಆಲಾಪ ಸಣ್ಣದು, ಬಂದಿಶ್ ನೇರ, ಕೊನೆಗೆ ಚುರುಕಿನ ತಾನ. ಮುಂದೆ ಬಂದ ರೆಕಾರ್ಡ್ ಗಾಯಕರೆಲ್ಲ ಇದೇ ದಾರಿ ಹಿಡಿದರು.

ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳ್ತಿದ್ದರು. ಅದು ಜಂಭ ಅಲ್ಲ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಅಚ್ಚಾಗಿ ಬರ್ತಿದ್ದವು. ಕಲ್ಕತ್ತದಲ್ಲೇ ಕಾರ್ಖಾನೆ ಶುರುವಾಗಿದ್ದು 1908ರಲ್ಲಿ. ಅಲ್ಲೀತನಕ ಹಿಂದಿ, ಬಂಗಾಳಿ ಬಾರದ ಜರ್ಮನ್ ಕೆಲಸಗಾರರು ಲೇಬಲ್ ಅಂಟಿಸುವಾಗ ಯಾರ ಹಾಡು ಇದು ಅಂತ ತಿಳೀಬೇಕಲ್ಲ, ಅದಕ್ಕ.

ಈ ವಿವರವೇ ನಮ್ಮ ಗುಂಯ್ ಸದ್ದಿನ ಒಗಟು ಬಿಡಿಸಿತು. ಗೌಹರ್ ಅವರ ರೆಕಾರ್ಡಿಂಗ್ ಎಲ್ಲ ನಡೆದದ್ದು 1902ರಿಂದ 1920ರ ಸುಮಾರಿಗೆ. ಮೈಕ್ ಬಳಸಿ ವಿದ್ಯುತ್ತಿನಿಂದ ತಟ್ಟೆ ಕೊರೆಯುವ ಪದ್ಧತಿ ಬಂದದ್ದು 1925ರಲ್ಲಿ. ಅಂದ್ರ ಅವರ ಮೂಲ ತಟ್ಟೆಯೊಳಗ ಕರೆಂಟಿನ ಸದ್ದು ಇರೋದು ಸಾಧ್ಯವೇ ಇಲ್ಲ. ಕಹಳೆಗೆ ಹಿಡಿದದ್ದು ಸುಮಾರು 250ರಿಂದ 2500 ಹರ್ಟ್ಜ್. ನಮ್ಮ ಮನೆಯ ಕರೆಂಟಿನ ಗುಂಯ್ 50 ಹರ್ಟ್ಜ್. ಆ ಗುಂಯ್ ಪೂರಾ ನಮ್ಮ ಮೇಜಿನದು, ಅವರದಲ್ಲ.

ಹಂಗಾದ್ರ ತಟ್ಟೆಯ ಸ್ವಂತ ಸದ್ದು ಯಾವುದು? ಸರಸರ ಅನ್ನೋದು. ತಟ್ಟೆ ಅರಗಿನದು, ನಮ್ಮ ಅರಗಿನ ಮನೆಯ ಕಥೆಯ ಅದೇ ಅರಗು. ಅದರೊಳಗ ನುಣ್ಣನೆಯ ಕಲ್ಲಿನ ಪುಡಿ ಬೆರೆಸ್ತಿದ್ದರು. ಉಕ್ಕಿನ ಮುಳ್ಳು ಆ ಪುಡಿಗೆ ಉಜ್ಜಿಕೊಂಡು ಓಡುವಾಗ ಸರಸರ ಬರ್ತದ. ಟಿಕ್ ಟಿಕ್ ಅನ್ನೋದು ಗೀರು. ನಿಮಿಷಕ್ಕೆ 78 ಸುತ್ತು ಅಂದ್ರ ಒಂದು ಸುತ್ತಿಗೆ 0.77 ಸೆಕೆಂಡು. ಟಿಕ್ ಅಷ್ಟಷ್ಟಕ್ಕೇ ಮರುಕಳಿಸಿದ್ರ ಅದು ಗೀರೇ, ಸೌಂಡ್ ಕಾರ್ಡಿನ ತಪ್ಪಲ್ಲ.

ಗುಂಯ್ ಎಲ್ಲಿಂದ ಬರ್ತದ ಅಂತ ಹುಡುಕಲು ನಾವು ಹಿಡಿದ ಕ್ರಮ ಇಷ್ಟೇ. ಮೊದಲು ರೆಕಾರ್ಡಿಂಗ್ ನಡೀತಿರುವಾಗಲೇ ಮುಳ್ಳನ್ನು ಮೇಲೆತ್ತಿದೆವು. ಗುಂಯ್ ನಿಲ್ಲಲಿಲ್ಲ, ಹಂಗಾಗಿ ತಟ್ಟೆ ನಿರಪರಾಧಿ. ಆಮ್ಯಾಲ ಕೇಬಲ್ಲನ್ನು ಸೌಂಡ್ ಕಾರ್ಡಿನಿಂದ ಕಿತ್ತೆವು. ಗುಂಯ್ ಹೋಯ್ತು, ಹಂಗಾಗಿ ಕಾರ್ಡೂ ಸರಿ ಅದ. ಕೇಬಲ್ ಮತ್ತೆ ಹಾಕಿ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ನಡೆಸಿದೆವು. ಗುಂಯ್ ಮತ್ತೆ ಮಾಯ. ಕಳ್ಳ ಸಿಕ್ಕ: ಅರ್ಥಿಂಗ್ ಸುತ್ತು. ಆಂಪ್ಲಿಫೈಯರ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಲ್ಯಾಪ್‌ಟಾಪ್ ಇನ್ನೊಂದು ಗೋಡೆಯದರಲ್ಲಿ. ಎರಡು ಅರ್ಥ್‌ಗಳ ನಡುವ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ರೂ ಸಾಕು, ಆಡಿಯೊ ಕೇಬಲ್ಲಿನ ಹೊರಹೆಣಿಗೆಯ ಮೂಲಕ ಕರೆಂಟ್ ಹರಿದು ಹಾಡಿನೊಳಗ ಬೆರೀತದ. ಬೇಸಿಗೆಯಲ್ಲಿ ನಮ್ಮ ಕಡೆ ಭೂಮಿ ಒಣಗಿ ಅರ್ಥಿಂಗ್ ಗುಂಡಿಯ ರೋಧ ಏರ್ತದ. ಉಪ್ಪು, ಇದ್ದಿಲು ಹಾಕಿದ ಗುಂಡಿಗೆ ಹಿರಿಯರು ನೀರು ಸುರೀತಿದ್ದದ್ದು ಸುಮ್ಮನಲ್ಲ.

ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ ಕೂಡಲೇ ಗುಂಯ್ ಬಹುಪಾಲು ಇಳೀತು. ಉಳಿದಿದ್ದಕ್ಕ ಆಡಿಯೊ ಕೇಬಲ್ಲಿನ ನಡುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದೆವು. ಒಂದು ಮಾತು: ಗುಂಯ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಕಾಲು ಮುರಿಯೋ ಚಾಳಿ ಮೈಕ್‌ಸೆಟ್ಟಿನವರಲ್ಲಿ ಕೆಲವರಿಗೆ ಅದ. ಸದ್ದು ಹೋಗಬಹುದು, ಜತೆಗೆ ಮೈಕ್ ಹಿಡಿದವರ ಜೀವವೂ ಹೋಗಬಹುದು. ಹಂಗ ಮಾಡಲೇಬ್ಯಾಡ್ರಿ.

ಇನ್ನೂ ಮೂರು ಸಂಗತಿ. ಡೆಸ್ಕ್‌ಟಾಪಿನ ಹಿಂದ ಗುಲಾಬಿ ತೂತು ಮೈಕಿನದು, ಅದು ಮಿಲಿವೋಲ್ಟ್ ಲೆಕ್ಕದ ಸಿಗ್ನಲ್ಲಿಗೆ. ಆಂಪ್ಲಿಫೈಯರಿನಿಂದ ಬರುವ ಲೈನ್ ಸಿಗ್ನಲ್ ನೀಲಿ ತೂತಿಗೆ ಹೋಗಬೇಕು, ಇಲ್ಲಾಂದ್ರ ದನಿ ಒಡೀತದ. ಎರಡನೇದು, ಸಾಫ್ಟ್‌ವೇರಿನ ನಾಯ್ಸ್ ಸಪ್ರೆಶನ್ ಆಫ್ ಇರಲಿ. ಮಾತಿಗಾಗಿ ಮಾಡಿದ್ದು ಅದು, ಸಾರಂಗಿಯನ್ನೂ ಗದ್ದಲ ಅಂತ ತಿಳಿದು ಅಳಿಸ್ತದ. ಮೂರನೇದು, ಸರಸರ ತೆಗೆಯೋ ಹುಮ್ಮಸ್ಸಿನಲ್ಲಿ ಜಾಸ್ತಿ ಒರೆಸಿದ್ರ ತಾನದ ತುದಿ, ಉಸಿರು ಎಲ್ಲ ಹೋಗಿ ನೀರೊಳಗಿಂದ ಹಾಡಿದಂಗ ಆಗ್ತದ. ಅದಕ್ಕ ಒರೆಸದ ಮೂಲ ಫೈಲ್ ಯಾವತ್ತೂ ಬ್ಯಾರೆ ಇಟ್ಟಿರಬೇಕು.

ಮತ್ತೆ ಗೌಹರ್ ಅವರ ಬದುಕಿಗೆ ಬರೋಣ. ಹತ್ತಕ್ಕೂ ಹೆಚ್ಚು ಭಾಷೆಯಲ್ಲಿ ಸುಮಾರು 600 ಹಾಡು ಅವರ ದನಿಯಲ್ಲಿ ತಟ್ಟೆಯಾದವು. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿಯವರ ಜತೆ ಚಕ್ರವರ್ತಿಯ ಮುಂದೆ ಹಾಡಿದರು. ಕೀರ್ತಿ, ಹಣ ಬಂದಂಗ ಕೋರ್ಟು ಕಛೇರಿಯೂ ಬಂತು. ತಾಯಿ 1906ರಲ್ಲಿ ತೀರಿಕೊಂಡ ಮೇಲೆ ಮನೆಯಲ್ಲೇ ಬೆಳೆದವನೊಬ್ಬ ತಾನೇ ವಾರಸುದಾರ ಅಂತ ದಾವೆ ಹೂಡಿದ. ತಾನು ಯಾರ ಮಗಳು ಅಂತ ಸಾಬೀತು ಮಾಡಲು ಎಂದೋ ದೂರಾದ ತಂದೆಯನ್ನು ಹುಡುಕಿ ತರಬೇಕಾಯ್ತು. ಆ ಕೇಸು ಗೆದ್ದರು. ಆದ್ರ ಮುಂದೆ ನಂಬಿದವರ ಜತೆಗಿನ ವ್ಯಾಜ್ಯಗಳಲ್ಲಿ ಗಳಿಸಿದ್ದು ಕರಗಿತು.

1928ರ ಆಗಸ್ಟ್ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಮೈಸೂರು ಅರಮನೆಯ ಸಂಗೀತಗಾರರನ್ನಾಗಿ ನೇಮಿಸಿದರು. ಗುರುತು ಪರಿಚಯ ಇಲ್ಲದ ಊರು, ಕುಗ್ಗಿದ ಆರೋಗ್ಯ. ಒಂದೂವರೆ ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಮೈಸೂರಿನಲ್ಲಿ ತೀರಿಕೊಂಡರು. ವರ್ಷಗಳ ಮೇಲೆ ಮೈಸೂರು ಅರಮನೆಯ ಕಡತಗಳಲ್ಲಿ ಅವರ ಹೆಸರು ಕಂಡು, ಬೆನ್ನು ಹತ್ತಿ 2010ರಲ್ಲಿ ಪೂರ್ಣ ಜೀವನಚರಿತ್ರೆ ತಂದವರು ಬೆಂಗಳೂರಿನ ವಿಕ್ರಮ್ ಸಂಪತ್. ಅವರು ಓದಿದ್ದೂ ಎಂಜಿನಿಯರಿಂಗೇ. ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡುವ ಕೆಲಸಕ್ಕೂ ಕೈ ಹಾಕಿದವರು.

ಅಷ್ಟೆಲ್ಲ ಕಳಕೊಂಡ ಮೇಲೂ ಗೌಹರ್ ದನಿ ನಮಗ ಸಿಕ್ಕದ, ಯಾಕಂದ್ರ ಒಂದು ದಿನ ಯಾರೋ ಅದನ್ನು ಸರಿಯಾಗಿ ಹಿಡಿದಿಟ್ಟರು, ಮತ್ತು ಅವರೇ ಹೆಸರು ಹೇಳಿ ಇಟ್ಟರು. ನಮ್ಮ ಹಳ್ಳಿಯ ಬೀಸುವ ಪದದ ಅಜ್ಜಿಯರಿಗೆ ಅಂಥ ತಟ್ಟೆ ಇಲ್ಲ. ಅವರ ದನಿಗೆ ನಮ್ಮ ಮೇಜಿನ ಗುಂಯ್ ಬೆರೆಸಿ ಇಟ್ಟರೆ, ನಾಳೆ ಕೇಳುವವರಿಗೆ ಅದನ್ನು ಬೇರ್ಪಡಿಸಲು ದಾರಿ ಇರೋದಿಲ್ಲ. ಅದಕ್ಕ ಬಳಗದ ನಿಯಮ ಹೀಗಿಟ್ಟಿದ್ದೀವಿ: ಹಳ್ಳಿಗೆ ಹೋದಾಗ ಬ್ಯಾಟರಿ ಮೇಲಷ್ಟೇ ರೆಕಾರ್ಡಿಂಗ್. ಹಾಡುವ ಮೊದಲು ಅರ್ಧ ನಿಮಿಷ ಬರೀ ಮೌನ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳೋದು. ಹಾಡು ಮುಗಿದ ಮೇಲೆ ಹಾಡಿದವರೇ ತಮ್ಮ ಹೆಸರು, ಊರು ಹೇಳಬೇಕು. ಬರುವ ತಿಂಗಳ ತಿರುಗಾಟಕ್ಕ ಬರುವವರು ನಿಮ್ಮ ಊರಿನ ಹಾಡುಗಾರರ ಪಟ್ಟಿ ಬರಕೊಂಡು ಬರ್ರಿ, ಹೆಡ್‌ಫೋನ್ ಮರೀಬ್ಯಾಡ್ರಿ.