ಕೋವಿ ಕೆಳಗಿಟ್ಟು ಕಾಡಿಗೆ ಕಿವಿಗೊಟ್ಟ ಕೆನೆತ್ ಆಂಡರ್ಸನ್

ಜವಳಗಿರಿಯ ಕಾಡಿನಲ್ಲಿ ಹೆಣ್ಣುಹುಲಿಯೊಂದು ಸಂಗಾತಿಯನ್ನು ಅರಸಿ ಕೂಗುತ್ತಿತ್ತು. ಅದರ ಜೊತೆಗಾರ ಹುಲಿ ಬಹಳ ಮೊದಲೇ ಬೇಟೆಗಾರರ ಗುಂಡಿಗೆ ಬಲಿಯಾಗಿತ್ತು. ಅನಂತರದ ದಿನಗಳಲ್ಲಿ ಆ ಹೆಣ್ಣುಹುಲಿ ನರಭಕ್ಷಕವಾಗಿ, ಸುತ್ತಲಿನ ಹಳ್ಳಿಗಳವರು ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕಿಕೊಳ್ಳುವಂತೆ ಮಾಡಿತ್ತು. ಅದನ್ನು ಹಿಂಬಾಲಿಸಿ ಸೋತಿದ್ದ ಬೇಟೆಗಾರರೊಬ್ಬರು ಕೊನೆಗೆ ಗಂಡುಹುಲಿಯ ದನಿಯನ್ನು ಅನುಕರಿಸಿ ಆ ಕೂಗಿಗೆ ಮಾರುತ್ತರ ಕೊಟ್ಟರು. ಹೆಣ್ಣುಹುಲಿ ಆ ದನಿಯನ್ನು ನಂಬಿ ಬಂತು, ಗುಂಡಿಗೆ ಬಲಿಯಾಯಿತು. ಹಳ್ಳಿಗಳು ನಿಟ್ಟುಸಿರು ಬಿಟ್ಟವು. ಆದರೆ ಕೊಂದವರ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ನಂಬಿ ಬಂದ ಪ್ರಾಣಿಗೆ ದ್ರೋಹ ಬಗೆದೆನೆಂಬ ಭಾವ ಅವರನ್ನು ಕಾಡಿತು. ಅದನ್ನು ಅವರು ಮುಚ್ಚಿಡದೆ ಬರೆದಿಟ್ಟರು.

ಅವರೇ ಬೆಂಗಳೂರಿನ ಕೆನೆತ್ ಆಂಡರ್ಸನ್. ಕುಮಾವೂಂ ಸೀಮೆಗೆ ಜಿಮ್ ಕಾರ್ಬೆಟ್ ಹೇಗೋ ದಕ್ಷಿಣದ ಕಾಡುಗಳಿಗೆ ಆಂಡರ್ಸನ್ ಹಾಗೆ ಎಂಬ ಮಾತು ವಾಡಿಕೆಯಲ್ಲಿದೆ. ಪೂರ್ಣಚಂದ್ರ ತೇಜಸ್ವಿ ಅವರ ‘ಕಾಡಿನ ಕಥೆಗಳು’ ಮೂಲಕ ಕನ್ನಡದ ಓದುಗರಿಗೆ ಅವರು ಮನೆಯವರಷ್ಟೇ ಪರಿಚಿತರು. ನರಭಕ್ಷಕಗಳನ್ನು ಕೊಂದ ಸಾಹಸಿ ಎಂದೇ ಅವರು ಖ್ಯಾತರು. ಆದರೆ ಬೇಟೆ ಅವರ ಬದುಕಿನ ಒಂದು ಭಾಗ ಮಾತ್ರ. ಕಾಡಿನಲ್ಲಿ ನಡೆಯುವುದು, ಕಾಯುವುದು, ಕೇಳಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಭಾಗವಾಗಿತ್ತು.

ಕಾನೂನು ಪುಸ್ತಕ ಬಿಟ್ಟು ಬಂದ ಹುಡುಗ

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಸಂಸ್ಥಾನದ ಬೊಲಾರಂನಲ್ಲಿ. ಹಲವು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿದ್ದ ಸ್ಕಾಟಿಷ್ ಮನೆತನ ಅವರದು. ತಂದೆ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ ಸೇನೆಯ ವೇತನ ಲೆಕ್ಕಪತ್ರಗಳ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಬಿಡುವಿನ ವೇಳೆ ಕೋವಿ ಹಿಡಿದು ಹೊರಡುವ ಹವ್ಯಾಸ ಅವರಿಗಿತ್ತು. ಮಗನಿಗೆ ಕಾಡಿನ ಗೀಳು ಹತ್ತಿದ್ದು ತಂದೆಯಿಂದಲೇ.

ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹಾಗೂ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಓದಿದ ಅವರನ್ನು ಕಾನೂನು ವ್ಯಾಸಂಗಕ್ಕೆಂದು ಎಡಿನ್‌ಬರೋಗೆ ಕಳುಹಿಸಲಾಯಿತು. ಪೂರ್ವಜರ ನಾಡು ಅವರನ್ನು ಹಿಡಿದಿಡಲಿಲ್ಲ. ಓದನ್ನು ಅರ್ಧಕ್ಕೇ ಬಿಟ್ಟು ಬೆಂಗಳೂರಿಗೆ ಮರಳಿದರು. ಸುಮಾರು 15 ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ದುಡಿದು, ಬಳಿಕ ಮುಂದೆ ಎಚ್‌ಎಎಲ್ ಎನಿಸಿದ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸೇರಿದರು. ಅಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕರ ಹುದ್ದೆಯವರೆಗೆ ಏರಿದರು.

ಎಂದರೆ, ಕಾಡುಮನುಷ್ಯನೆಂದು ನಾವು ಕಲ್ಪಿಸಿಕೊಳ್ಳುವ ಈ ವ್ಯಕ್ತಿ ವಾರವಿಡೀ ಕಚೇರಿಯಲ್ಲಿ ದುಡಿಯುತ್ತಿದ್ದ ನಗರವಾಸಿ. ಕಬ್ಬನ್ ಪಾರ್ಕ್‌ಗೆ ಹೊಂದಿಕೊಂಡ ಸಿಡ್ನಿ ರಸ್ತೆಯಲ್ಲಿ, ಅಂದರೆ ಇಂದಿನ ಕಸ್ತೂರಬಾ ರಸ್ತೆಯಲ್ಲಿ, ಅವರ ಮನೆಯಿತ್ತು. ರಜೆ ಸಿಕ್ಕಿತೆಂದರೆ ಸ್ಟುಡಿಬೇಕರ್ ಕಾರಿಗೆ ಸಾಮಾನು ತುಂಬಿ ಹೊರಟುಬಿಡುತ್ತಿದ್ದರು. ಬೇಟೆಯಲ್ಲಿ ಅವರ ನೆಚ್ಚಿನ ಸಂಗಾತಿ .405 ವಿಂಚೆಸ್ಟರ್ ರೈಫಲ್. ಕನ್ನಡ ಮತ್ತು ತಮಿಳು ಎರಡನ್ನೂ ಅವರು ಬಲ್ಲವರಾಗಿದ್ದರು. ಹಳ್ಳಿಯ ಕಟ್ಟೆಯಲ್ಲಿ ಕುಳಿತು ದನಗಾಹಿಗಳ ಬಾಯಿಂದಲೇ ಸುದ್ದಿ ಕೇಳಲು ಈ ಭಾಷೆಗಳು ಒದಗಿ ಬಂದವು.

ಊರಿನ ಅಂಚಿನಲ್ಲೇ ಚಿರತೆ

ಅಂದಿನ ಬೆಂಗಳೂರಿಗೆ ಕಾಡು ದೂರವಿರಲಿಲ್ಲ. ಇಂದು ಮೆಟ್ರೊ ರೈಲು ಓಡುವ ಜಾಲಹಳ್ಳಿ 1938ರ ವೇಳೆಗೆ ನಗರದ ಹೊರಗಿನ ಒಂದು ಪುಟ್ಟ ಹಳ್ಳಿ. ಅಲ್ಲಿಯ ಪೊದೆಗಳಲ್ಲಿ ಅಡಗಿ ಜನರ ಮೇಲೆರಗಿದ ಚಿರತೆಯ ಕಥೆಯನ್ನು ಆಂಡರ್ಸನ್ ದಾಖಲಿಸಿದ್ದಾರೆ. ತುಮಕೂರಿನ ಬಳಿಯ ದೇವರಾಯನದುರ್ಗ, ಮಾಗಡಿಯ ಸುತ್ತಲಿನ ಗುಡ್ಡಗಳು, ಅರಸೀಕೆರೆ, ಹೊಸದುರ್ಗ ಮತ್ತು ಹೊಳಲ್ಕೆರೆಯ ಸೀಮೆ, ಶಿವಮೊಗ್ಗದ ಮಳೆಕಾಡು, ನೀಲಗಿರಿಯ ತಪ್ಪಲಿನ ಸೇಗೂರು, ಆಂಧ್ರದ ಚಾಮಲ ಕಣಿವೆ ಇವೆಲ್ಲ ಅವರ ಪುಸ್ತಕಗಳಲ್ಲಿ ಬರುವ ನೆಲೆಗಳು. ಬನ್ನೇರುಘಟ್ಟದಿಂದ ದಕ್ಷಿಣಕ್ಕೆ ಚಾಚಿಕೊಂಡು ಕಾವೇರಿಯ ಕಣಿವೆಗೆ ಇಳಿಯುವ ಕಾಡು ಮಾತ್ರ ಅವರ ಹೃದಯಕ್ಕೆ ಹತ್ತಿರವಾದುದು. ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದ ಜವಳಗಿರಿ, ಗುಮ್ಮಳಾಪುರ, ಮುತ್ತೂರು, ಚಿನ್ನಾರ್ ಹೊಳೆಯ ದಂಡೆಗಳಿಗೆ ಅವರು ಮತ್ತೆ ಮತ್ತೆ ಮರಳಿದರು.

1939ರಿಂದ 1966ರ ನಡುವೆ 8 ನರಭಕ್ಷಕ ಚಿರತೆಗಳನ್ನೂ 7 ನರಭಕ್ಷಕ ಹುಲಿಗಳನ್ನೂ ಕೊಂದವರೆಂದು ಸರ್ಕಾರಿ ದಾಖಲೆಗಳು ಅವರನ್ನು ಗುರುತಿಸುತ್ತವೆ. ಜನರ ಬಾಯಲ್ಲಿ ಈ ಲೆಕ್ಕ ಇನ್ನೂ ದೊಡ್ಡದು. ಪರವಾನಗಿಯ ಮೇಲೆ ಹುಲಿ ಬೇಟೆಗೆ ಅವಕಾಶವಿದ್ದ ಕಾಲವದು. ನರಭಕ್ಷಕವೆಂದು ಘೋಷಿತವಾದ ಪ್ರಾಣಿಯನ್ನು ಕೊಲ್ಲಲು ಸರ್ಕಾರವೇ ಬೇಟೆಗಾರರನ್ನು ಆಹ್ವಾನಿಸುತ್ತಿತ್ತು.

ಗುಮ್ಮಳಾಪುರದ ಚಿರತೆಯ ಪ್ರಸಂಗ ಇಂತಹವುಗಳಲ್ಲಿ ಪ್ರಸಿದ್ಧವಾದುದು. ಆಂಡರ್ಸನ್ ಅವರ ಬರಹದ ಪ್ರಕಾರ ಅದು 42 ಜನರನ್ನು ಕೊಂದಿತ್ತು. ಗುಡಿಸಲ ಗೋಡೆ, ಮಾಡುಗಳನ್ನೇ ಒಡೆದು ಒಳನುಗ್ಗುತ್ತಿತ್ತು. ಅದಕ್ಕಾಗಿ ಕಾದು ಕುಳಿತ ರಾತ್ರಿ ಅವರ ಜೊತೆಗಿದ್ದುದು ಹಳ್ಳಿಯ ಒಂದು ಬೀದಿನಾಯಿ. ಮನುಷ್ಯನ ಕಿವಿಗೆ ಏನೂ ಕೇಳಿಸದ ಗಳಿಗೆಯಲ್ಲಿ ನಾಯಿ ಗುರುಗುಟ್ಟಿತು. ಆ ಎಚ್ಚರಿಕೆಯೇ ಅವರ ಜೀವ ಉಳಿಸಿತು. ಆ ಬೀದಿನಾಯಿಯನ್ನು ಅವರು ಮುಂದೆ ತಮ್ಮ ಜೊತೆಗೇ ಇಟ್ಟುಕೊಂಡರು. ಸತ್ತ ಚಿರತೆಯ ಪಾದವನ್ನು ಪರೀಕ್ಷಿಸಿದಾಗ ಬೆರಳುಗಳ ನಡುವೆ ಮುಳ್ಳುಹಂದಿಯ ಮುಳ್ಳುಗಳು ಆಳವಾಗಿ ನಾಟಿದ್ದವು.

ಈ ಪರೀಕ್ಷೆ ಅವರಿಗೆ ಬಹಳ ಮುಖ್ಯವಾದುದಾಗಿತ್ತು. ಹುಲಿ, ಚಿರತೆಗಳು ಹುಟ್ಟಿನಿಂದ ನರಭಕ್ಷಕಗಳಲ್ಲ ಎಂಬುದು ಅವರು ಉದ್ದಕ್ಕೂ ಪ್ರತಿಪಾದಿಸಿದ ಸತ್ಯ. ಮುಳ್ಳುಹಂದಿಯ ಮುಳ್ಳು, ಮುಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯನ ಗುಂಡೇಟಿನಿಂದ ಆದ ಗಾಯ, ಇವು ಪ್ರಾಣಿಯನ್ನು ಸಹಜ ಬೇಟೆಗೆ ಅಸಮರ್ಥವಾಗಿಸುತ್ತವೆ. ರಾತ್ರಿ ವೇಳೆ ಕಾರಿನಲ್ಲಿ ಕುಳಿತು, ದೀಪದ ಬೆಳಕಿಗೆ ಹೊಳೆಯುವ ಕಣ್ಣುಗಳತ್ತ ಗುಂಡು ಹಾರಿಸಿ, ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸದೆ ಮನೆಗೆ ಮರಳುವವರನ್ನು ಅವರು ಕಟುವಾಗಿ ಟೀಕಿಸಿದರು. ನಗರದ ಶೋಕಿಯ ಬೆಲೆಯನ್ನು ತಿಂಗಳುಗಳ ನಂತರ ಎಲ್ಲೋ ಒಬ್ಬ ದನಗಾಹಿ ತೆರುತ್ತಿದ್ದ.

ಕಾಡು ಕಲಿಸಿದ ಗುರುಗಳು

ಆಂಡರ್ಸನ್ ಅವರ ಪುಸ್ತಕಗಳಲ್ಲಿ ಹುಲಿಯಷ್ಟೇ ಗಟ್ಟಿಯಾಗಿ ನಿಲ್ಲುವವನು ಬೈರ. ಪೂಜಾರಿ ಬುಡಕಟ್ಟಿನ ಈತ ಮುತ್ತೂರಿನ ಬಳಿ, ಚಿನ್ನಾರ್ ಹೊಳೆಯ ದಂಡೆಯಲ್ಲಿ ತೋಡಿದ ಗುಂಡಿಯಲ್ಲಿ ವಾಸಿಸುತ್ತಿದ್ದ. ನಾಡಕೋವಿ ಹಿಡಿದು ಕಳ್ಳಬೇಟೆಯಾಡುತ್ತಿದ್ದ ಬೈರನಿಗೂ ಪರವಾನಗಿ ಪಡೆದ ಬಿಳಿಯ ಬೇಟೆಗಾರನಿಗೂ ನಡುವೆ ಬೆಳೆದ ಸ್ನೇಹ ದಶಕಗಳ ಕಾಲ ಉಳಿಯಿತು. ಮಣ್ಣಿನ ಮೇಲಿನ ಹೆಜ್ಜೆ ಯಾವ ಹೊತ್ತಿನದು, ಕಡವೆಯ ಕೂಗು ಯಾವಾಗ ಎಚ್ಚರಿಕೆ, ಮರದ ಮೇಲಿನ ಮುಸುವ ಯಾವ ದಿಕ್ಕಿಗೆ ನೋಡಿ ಗದ್ದಲವೆಬ್ಬಿಸುತ್ತದೆ ಎಂಬ ಪಾಠಗಳಿಗೆ ತಾನು ಇಂತಹ ಜನರಿಗೆ ಋಣಿ ಎಂಬುದನ್ನು ಆಂಡರ್ಸನ್ ಮರೆಯಲಿಲ್ಲ. ರಂಗನೆಂಬ ಮತ್ತೊಬ್ಬ ಜೊತೆಗಾರನೂ ಹಲವು ಸಾಹಸಗಳಲ್ಲಿ ಪಾಲುದಾರ.

ಅವರ ಕಣ್ಣು ಎಲ್ಲ ಕಡೆಯೂ ಇಷ್ಟು ಉದಾರವಾಗಿತ್ತೆಂದು ಹೇಳಲಾಗದು. ವಸಾಹತು ಕಾಲದ ದೊರೆತನದ ಧಾಟಿ ಅವರ ಬರಹದಲ್ಲಿ ಅಲ್ಲಲ್ಲಿ ಇಣುಕುತ್ತದೆ. ರೋಮಾಂಚನಕ್ಕಾಗಿ ಕಥೆಗೆ ಬಣ್ಣ ಕಟ್ಟಿದ್ದಾರೆಂಬ ಆಕ್ಷೇಪವೂ ಇದೆ. ಆದರೂ ಕಾಡಿನ ಬಡವನನ್ನು ಹೆಸರು ಹಿಡಿದು, ಮುಖಕೊಟ್ಟು ಪುಸ್ತಕಕ್ಕೆ ತಂದ ಬೇಟೆಗಾರರು ಅಂದು ಹೆಚ್ಚು ಇರಲಿಲ್ಲ. ಅರಸೀಕೆರೆಯ ಬಳಿ ಕರಡಿಯ ದಾಳಿಗೆ ಹರೆಯದ ಮಗನನ್ನು ಕಳೆದುಕೊಂಡ ದರ್ಗಾದ ಮುದುಕ ಆಲಂ ಬಕ್ಷ್‌ನ ಪ್ರಸಂಗದಲ್ಲಿ ಬೇಟೆಗಿಂತ ತಂದೆಯ ದುಃಖವೇ ಓದುಗನ ಮನಸ್ಸಿನಲ್ಲಿ ನಿಲ್ಲುತ್ತದೆ.

ಮನೆಗೆ ಬಂದ ಕರಡಿಮರಿ

ಕರಡಿಯ ಇನ್ನೊಂದು ಮುಖವನ್ನೂ ಅವರು ಕಂಡರು. ಮೈಸೂರಿನ ಬಳಿ ಕಬ್ಬಿನ ಗದ್ದೆಗಳ ನಡುವೆ ಸಾಗುತ್ತಿದ್ದಾಗ ಜೊತೆಗಾರನೊಬ್ಬ ವಿನಾಕಾರಣ ತಾಯಿಕರಡಿಯೊಂದನ್ನು ಗುಂಡಿಟ್ಟು ಕೊಂದ. ಸತ್ತ ತಾಯಿಯ ಬೆನ್ನನ್ನು ಬಿಡದೆ ಮರಿಯೊಂದು ಆರ್ತನಾದ ಮಾಡುತ್ತಿತ್ತು. ಆಂಡರ್ಸನ್ ಅದನ್ನು ಹಿಡಿದು ಬೆಂಗಳೂರಿಗೆ ತಂದು ಪತ್ನಿಗೆ ಕೊಟ್ಟರು. ಬ್ರೂನೋ ಎಂದು ಹೆಸರಿಟ್ಟ ಆ ಮರಿ ಮನೆಯ ಮಗುವಾಯಿತು. ಇಲಿಗಳಿಗೆಂದು ಇಟ್ಟ ವಿಷ ತಿಂದು ಪಾರ್ಶ್ವವಾಯುವಿಗೆ ಸಿಲುಕಿ, ಪಶುವೈದ್ಯರ ಚುಚ್ಚುಮದ್ದಿನಿಂದ ಬದುಕಿತು. ಮತ್ತೊಮ್ಮೆ ಬಳಸಿ ಬಿಟ್ಟ ಎಂಜಿನ್ ಎಣ್ಣೆಯನ್ನು ಕುಡಿದೂ ಜೀರ್ಣಿಸಿಕೊಂಡಿತು.

ಮರಿ ದೊಡ್ಡದಾದಾಗ ಮೈಸೂರು ಮೃಗಾಲಯಕ್ಕೆ ಕಳುಹಿಸಬೇಕಾಯಿತು. ಇತ್ತ ಒಡತಿ, ಅತ್ತ ಕರಡಿ ಇಬ್ಬರೂ ಊಟ ಬಿಟ್ಟು ಕೊರಗಿದರು. ತಿಂಗಳುಗಳ ನಂತರ ನೋಡಲು ಹೋದಾಗ ಅದು ದೂರದಿಂದಲೇ ಗುರುತು ಹಿಡಿದು ಸಂತಸದಿಂದ ತಲೆಕೆಳಗಾಗಿ ನಿಂತಿತು. ಕೊನೆಗೆ ಅಧಿಕಾರಿಗಳ ಅನುಮತಿ ಪಡೆದು ಅದನ್ನು ಮನೆಗೆ ಮರಳಿ ತಂದು, ಅಂಗಳದಲ್ಲಿ ಸುತ್ತ ಕಂದಕ ತೋಡಿದ ಸಣ್ಣ ದ್ವೀಪವೊಂದನ್ನು ಮಾಡಿಕೊಡಲಾಯಿತು. ಈ ಕಥೆ ಎನ್‌ಸಿಇಆರ್‌ಟಿಯ 9ನೇ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕ ‘ಬೀಹೈವ್’ನಲ್ಲಿ ಸೇರಿ ಅಸಂಖ್ಯ ಮಕ್ಕಳನ್ನು ತಲುಪಿತು. ಪ್ರೀತಿಯ ಕಥೆಯೆಂದೇ ಮಕ್ಕಳು ಅದನ್ನು ಓದಿದರು. ಆದರೆ ಅದು ಆರಂಭವಾಗುವುದು ಯಾವ ಅಗತ್ಯವೂ ಇಲ್ಲದೆ ಹಾರಿದ ಒಂದು ಗುಂಡಿನಿಂದ.

ಕ್ಯಾಮೆರಾ ಹಿಡಿದ ಕೈ

1954ರಲ್ಲಿ ‘ನೈನ್ ಮ್ಯಾನ್ ಈಟರ್ಸ್ ಆ್ಯಂಡ್ ಒನ್ ರೋಗ್’ ಪ್ರಕಟವಾದಾಗ ಆಂಡರ್ಸನ್ ಅವರಿಗೆ 44 ವರ್ಷ. 1957, 1959, 1961, 1964, 1967, 1970ರಲ್ಲಿ ಒಂದರ ಹಿಂದೊಂದು ಕೃತಿಗಳು ಬಂದವು. ‘ಜಂಗಲ್ಸ್ ಲಾಂಗ್ ಅಗೊ’ ಅವರ ಮರಣಾನಂತರ, 1976ರಲ್ಲಿ ಹೊರಬಂತು. ಸ್ವಾತಂತ್ರ್ಯದ ನಂತರ ಅವರಂತಹ ಅನೇಕ ಕುಟುಂಬಗಳು ಹಡಗು ಹತ್ತಿದವು. ಆಂಡರ್ಸನ್ ಬೆಂಗಳೂರು ಬಿಡಲಿಲ್ಲ.

ವಯಸ್ಸಾದಂತೆ ಅವರ ಪುಸ್ತಕಗಳಲ್ಲಿ ಗುಂಡಿನ ಸದ್ದು ಕಡಿಮೆಯಾಗಿ ಕಾಡಿನ ಮೌನ ಹೆಚ್ಚಾಯಿತು. ಸಂತೋಷಕ್ಕಾಗಿ ಕೊಲ್ಲುವುದನ್ನು ಬಿಟ್ಟು ಕ್ಯಾಮೆರಾ ಹಿಡಿದರು. ಎಷ್ಟೋ ಬಾರಿ ಬರಿಗೈಯಲ್ಲಿ, ಒಬ್ಬರೇ ಕಾಡು ಹೊಕ್ಕು, ಮರದ ಬುಡಕ್ಕೆ ಒರಗಿ ಪೈಪು ಸೇದುತ್ತಾ ರಾತ್ರಿ ಕಳೆಯುತ್ತಿದ್ದರು. ತಾವು ಯೌವನದಲ್ಲಿ ಕಂಡ ಕಾಡು ಕಣ್ಣೆದುರೇ ಕರಗುತ್ತಿರುವ ನೋವು ಅವರ ಕೊನೆಯ ಬರಹಗಳಲ್ಲಿ ಎದ್ದು ಕಾಣುತ್ತದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ 9 ಅಭಯಾರಣ್ಯಗಳಲ್ಲಿ ಬಂಡೀಪುರವೂ ಸೇರಿತು. ಹೀಗೆ ಬೇಟೆಯ ಯುಗ ಮುಗಿದುದನ್ನು ಕಂಡು, 1974ರ ಆಗಸ್ಟ್ 30ರಂದು, ತಮ್ಮ 64ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ಅವರು ಕೊನೆಯುಸಿರೆಳೆದರು. ತಂದೆಯಂತೆಯೇ ಬೇಟೆಗಾರರಾಗಿದ್ದ ಮಗ ಡೊನಾಲ್ಡ್ 2014ರಲ್ಲಿ ನಿಧನರಾದರು.

ಉಳಿದ ಕಾಡು, ಉಳಿದ ಪಾಠ

2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಆಂಡರ್ಸನ್ ಅಲೆದ ಜವಳಗಿರಿಯ ಕಾಡನ್ನು ತಮಿಳುನಾಡು ಸರ್ಕಾರ 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮದ ಭಾಗವಾಗಿಸಿತು. ಅವರು ಮಲಗಿದಂತೆ ಯಾರೂ ಇಂದು ಅಲ್ಲಿ ಮನಬಂದಂತೆ ಮಲಗುವಂತಿಲ್ಲ, ಮಲಗಲೂ ಬಾರದು. ಆ ಸ್ವಾತಂತ್ರ್ಯ ಒಂದು ಕಾಲದ, ಒಂದು ವರ್ಗದ ಸವಲತ್ತಾಗಿತ್ತು.

ಆದರೆ ನಗರದಿಂದ ಕಾಡಿನತ್ತ ಹೊರಡುವವರ ಸಂಖ್ಯೆ ಇಂದು ಎಂದಿಗಿಂತ ಹೆಚ್ಚು. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರ ಜಾತ್ರೆಯೇ ನೆರೆದಾಗ, ಆನ್‌ಲೈನ್ ನೋಂದಣಿ ಇಲ್ಲದ ತಾಣಗಳಲ್ಲಿ ಚಾರಣವನ್ನು ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ವಾರವಿಡೀ ಕಚೇರಿಯಲ್ಲಿ ದುಡಿದು ರಜೆಗೆ ಕಾಯುವ ಈ ಜನರೆಲ್ಲ ಒಂದರ್ಥದಲ್ಲಿ ಆಂಡರ್ಸನ್ ಅವರ ವಾರಸುದಾರರೇ. ಅವರ ಕೋವಿ ಇವರಿಗೆ ಬೇಕಿಲ್ಲ. ಸದ್ದಿಲ್ಲದೆ ನಡೆಯುವ, ಗಂಟೆಗಟ್ಟಲೆ ಕದಲದೆ ಕೂರುವ, ಕಾಡಿನವರ ಮಾತನ್ನು ತಾಳ್ಮೆಯಿಂದ ಕೇಳುವ ಅವರ ಅಭ್ಯಾಸ ಮಾತ್ರ ಇಂದಿಗೂ ಬೇಕಾದುದೇ.

ಜವಳಗಿರಿಯಲ್ಲಿ ಹುಲಿಯ ಭಾಷೆಯನ್ನು ಅವರು ಅದನ್ನು ಕೊಲ್ಲಲು ಬಳಸಿದರು. ಅದೇ ಭಾಷೆಯನ್ನು ಸುಮ್ಮನೆ ಕೇಳಿಸಿಕೊಂಡು ಮನೆಗೆ ಮರಳುವುದನ್ನು ಕಲಿಯಲು ಅವರಿಗೆ ಒಂದು ಜೀವಮಾನವೇ ಹಿಡಿಯಿತು.